ನಿಲ್ಲಿಸುವ ಕೈ

ತ್ರೋನ್‌ಹೈಮ್
13 ಅಕ್ಟೋಬರ್ 2019

ಅಮ್ಮಾ,

ಫೋನ್ ಮಾಡಬೇಡ. ನಾಲ್ಕು ದಿನದಿಂದ ನಾನು ನಿನ್ನ ಫೋನ್ ಎತ್ತದೆ ಇರುವುದು ಕೆಲಸ ಜಾಸ್ತಿಯಾಗಿ ಅಲ್ಲ. ನಿನ್ನ ದನಿ ಕೇಳಿದರೆ ನಾನು ಅರ್ಧ ಮಾತಿಗೇ ತಣ್ಣಗಾಗುತ್ತೇನೆ. ನೀನು ಗಾಳಿ ಮಳೆಯ ಸುದ್ದಿ ತೆಗೆಯುತ್ತೀಯ, ನಾನು ಹೂಂಗುಟ್ಟುತ್ತೇನೆ, ಅಲ್ಲಿಗೆ ಮುಗಿಯಿತು. ಇಷ್ಟು ವರ್ಷ ಹೀಗೇ ಆಯಿತು. ಅದಕ್ಕೇ ಈ ಸಲ ಕಾಗದ. ಕಾಗದ ಮಧ್ಯೆ ಬಾಯಿ ಹಾಕುವುದಿಲ್ಲ.

ನಾನು ಓಸ್ಲೋಗೆ ಹೋಗಿದ್ದ ಎರಡು ದಿನ ತಿರಿಲ್‌ಳನ್ನು ನಿನಗೆ ಒಪ್ಪಿಸಿದ್ದೆ. ಶಾಲೆಗೆ ರಜೆ, ನೀನು ನಾಮ್ಸೋಸ್‌ನಿಂದ ಬಸ್ಸು ಹಿಡಿದು ಬಂದೆ, ಅಜ್ಜಿ ಮೊಮ್ಮಗಳು ಸೇರಿ ಅಚ್ಚಿನ ಕಾವಲಿ ತೆಗೆದು ಸಿಹಿ ವಾಫಲ್ ಮಾಡಿದಿರಿ. ನನಗೂ ಸಂತೋಷವೇ ಆಗಿತ್ತು. ಬುಧವಾರ ಹಲ್ಲಿನ ಡಾಕ್ಟರ ಹತ್ತಿರ ಹೋಗುವುದಿತ್ತು. ಫ್ರಿಜ್ಜಿನ ಬಾಗಿಲಿಗೆ ಚೀಟಿ ಅಂಟಿಸಿದ್ದೆ: ಹತ್ತೂವರೆಗೆ, ಡಾಕ್ಟರ್ ರೂನಾ, ನೀನು ಮೂಲೆಯ ಕುರ್ಚಿಯಲ್ಲಿ ಕೂತಿರು, ಉಳಿದದ್ದನ್ನು ರೂನಾಗೂ ತಿರಿಲ್‌ಗೂ ಬಿಡು. ‘ಮೂಲೆಯ ಕುರ್ಚಿ’ಗೆ ಎರಡು ಗೆರೆ ಎಳೆದಿದ್ದೆ.

ಅವತ್ತಿನಿಂದ ಮಗು ಬಾಯಿ ಬಿಡುತ್ತಿಲ್ಲ. ಡಾಕ್ಟರ ಮಾತು ಹಾಗಿರಲಿ, ಮನೆಯಲ್ಲೇ ಬ್ರಷ್ ಕಂಡರೆ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡು ಮೇಜಿನಡಿ ಸೇರುತ್ತಾಳೆ. ಏನಾಯ್ತೇ ಪುಟ್ಟಿ ಅಂದರೆ ಒಂದೇ ಮಾತು: “ಅಜ್ಜಿ ನನ್ನ ಹಿಡ್ಕೊಂಡ್ಲು.”

ಕೆಳದವಡೆಯ ಆ ಹಾಲುಹಲ್ಲನ್ನು ಅರ್ಧ ಕೊರೆದು, ಮೇಲೆ ತಾತ್ಕಾಲಿಕವಾಗಿ ಏನೋ ಮೆತ್ತಿ ಕಳಿಸಿದ್ದಾರೆ. ಜನವರಿ ಮಧ್ಯದವರೆಗೆ ತಡೆಯುತ್ತದಂತೆ. ಅಷ್ಟರಲ್ಲಿ ಅವಳು ತಾನಾಗಿ ಬಾಯಿ ತೆರೆಯದಿದ್ದರೆ ದೊಡ್ಡಾಸ್ಪತ್ರೆ, ಪೂರ್ತಿ ಅರಿವಳಿಕೆ. ಆರು ವರ್ಷದ ಮಗುವನ್ನು ಒಂದು ಹಲ್ಲಿಗಾಗಿ ಪ್ರಜ್ಞೆ ತಪ್ಪಿಸಿ ಮಲಗಿಸಬೇಕು. ಅದಾದ ಮೇಲೆ ಅವಳು ಜನ್ಮದಲ್ಲಿ ಆ ಬಾಗಿಲು ತುಳಿಯುತ್ತಾಳೆಯೇ?

ಏನು ಮಾಡಿದೆ ನೀನು? ಸುತ್ತಿ ಬಳಸದೆ ಬರಿ.

ಮಾರಿತ್


ನಾಮ್ಸೋಸ್
18 ಅಕ್ಟೋಬರ್

ಮಾರಿತ್,

ಕಾಗದ ಮಧ್ಯೆ ಬಾಯಿ ಹಾಕುವುದಿಲ್ಲವಂತೆ! ಇದು ಹಾಕುತ್ತದೆ, ಓದು.

ಮೂವತ್ತೊಂದು ವರ್ಷ ನಾನು ಹಲ್ಲಿನ ಡಾಕ್ಟರ ಸಹಾಯಕಿಯಾಗಿ ಆ ಕುರ್ಚಿಯ ಪಕ್ಕದಲ್ಲಿ ನಿಂತವಳು. ಚಳಿಗಾಲದ ಸಮುದ್ರದಲ್ಲಿ ದೋಣಿ ಹತ್ತಿ, ಪೆಟ್ಟಿಗೆ ಹೊತ್ತು, ಊರೂರಿನ ಶಾಲೆಗೆ ಹೋಗಿ ಮಕ್ಕಳ ಹಲ್ಲು ನೋಡಿಸಿದವಳು. ನನಗೆ ಚೀಟಿ ಬರೆದು ಮೂಲೆ ತೋರಿಸುತ್ತೀಯ ನೀನು. ಇರಲಿ, ಆದರೂ ಕೂತೆ. ನಿನ್ನ ಎರಡು ಗೆರೆಗೆ ಮರ್ಯಾದೆ ಕೊಟ್ಟೇ ಕೂತೆ.

ಆ ನಿಮ್ಮ ರೂನಾ ಕಾಲು ಗಂಟೆ ಏನು ಮಾಡಿದಳು ಗೊತ್ತೇ? ಪ್ಲಾಸ್ಟಿಕ್ ಮೊಸಳೆಯ ಹಲ್ಲು ಎಣಿಸಿದಳು. ಕುರ್ಚಿಯನ್ನು ಮೇಲೆ ಕೆಳಗೆ ಮಾಡಿ ಜೋಕಾಲಿ ಆಡಿಸಿದಳು. ಎಂಜಲು ಎಳೆಯುವ ಕೊಳವೆಗೆ ಆನೆ ಸೊಂಡಿಲು ಎಂದು ಹೆಸರು. ಕೊರೆಯುವುದಕ್ಕೆ ದುಂಬಿ ಎಂದು ಹೆಸರು. ನಮ್ಮ ಕಾಲದಲ್ಲಿ ಅಷ್ಟು ಹೊತ್ತಿಗೆ ಮೂರು ಮಕ್ಕಳು ಮುಗಿದು ನಾಲ್ಕನೆಯದರ ಹೆಸರು ಕೂಗಿಯಾಗಿರುತ್ತಿತ್ತು.

ದುಂಬಿ ಶುರುವಾಯಿತು. ಮಗು ಹೆದರಿ “ಅಜ್ಜೀ” ಅಂತು. ನನ್ನ ಕರುಳು ಕಲ್ಲಲ್ಲ. ಎದ್ದು ಹೋಗಿ ಕೈ ಹಿಡಿದೆ. ಅಷ್ಟೇ ನಾನು ಮಾಡಿದ ಅಪರಾಧ. ಹೆದರಿದ ಮಗುವಿನ ಕೈಯನ್ನು ಯಾವ ಅಜ್ಜಿ ಹಿಡಿಯುವುದಿಲ್ಲ? ನೀನು ಬರೆದಿರುವುದನ್ನು ಓದಿದರೆ ಪೊಲೀಸರು ಬಾಗಿಲು ತಟ್ಟಬೇಕು.

ಇನ್ನೊಂದು ಮಾತು, ಕೇಳಿಸಿಕೊ. ಶನಿವಾರದ ಮಿಠಾಯಿ ಎಂದು ಇಡೀ ದೇಶವೇ ಒಂದು ದಿನ ಇಟ್ಟುಕೊಂಡಿದೆ. ನಿನ್ನ ಮನೆಯಲ್ಲಿ ಅದು ಮಂಗಳವಾರಕ್ಕೂ ಗುರುವಾರಕ್ಕೂ ಹರಿದು ಬರುತ್ತದೆ. ನಾನು ಕಣ್ಣಾರೆ ನೋಡಿದ್ದೇನೆ. ಆ ಹಲ್ಲನ್ನು ಕೊಳೆಸಿದ್ದು ನಾನಲ್ಲ.

ಅಮ್ಮ

ತಿರಿಲ್‌ಗೆ ಕೈಗವಸು ಹೆಣೆಯುತ್ತಿದ್ದೇನೆ. ಅವಳ ಅಂಗೈ ಅಳತೆ ಕಳಿಸು.


ತ್ರೋನ್‌ಹೈಮ್
24 ಅಕ್ಟೋಬರ್

ಅಮ್ಮಾ,

ಮಿಠಾಯಿಯ ಮಾತು ನಿಜ. ಅವಳಪ್ಪ ಬಿಟ್ಟುಹೋದ ಮೇಲೆ ನನಗೆ ಅವಳ ಅಳು ನೋಡಲಾಗುತ್ತಿರಲಿಲ್ಲ, ಕೊಟ್ಟೆ. ತಪ್ಪು ನನ್ನದು. ನೋಡು, ಬರೆದೆ. ಪೆನ್ನೇನೂ ಮುರಿಯಲಿಲ್ಲ.

ಈಗ ನಿನ್ನದು. ಕೈ ಹಿಡಿದೆ ಎಂದು ಬರೆದಿದ್ದೀಯ. ಯಾವ ಕೈ?

ನಾನು ರೂನಾಳನ್ನು ನೋಡಿ ಬಂದೆ. ತಿರಿಲ್ ಅಲ್ಲಿಗೆ ಮೂರು ಸಲ ಸುಮ್ಮನೆ ಹೋಗಿದ್ದಾಳೆ, ಏನೂ ಮಾಡಿಸದೆ, ಬರೀ ಕುರ್ಚಿಯ ಪರಿಚಯಕ್ಕೆ. ಮೊದಲ ದಿನವೇ ರೂನಾ ಅವಳಿಗೆ ಹೇಳಿದ್ದು, ಬಾಯಲ್ಲಿ ಸಾಮಾನು ಇದ್ದಾಗ ಮಾತಾಡಲು ಆಗುವುದಿಲ್ಲ, ಅದಕ್ಕೆ ಒಂದು ಕೈ ಇಟ್ಟುಕೊಳ್ಳೋಣ, ಅದನ್ನು ಎತ್ತಿದರೆ ನಾನು ನಿಲ್ಲಿಸುತ್ತೇನೆ, ಯಾಕೆ ಎಂದು ಕೇಳುವುದಿಲ್ಲ. ತಿರಿಲ್ ಎಡಗೈ ಆರಿಸಿಕೊಂಡಳು. ಮನೆಯಲ್ಲಿ ನಾವಿಬ್ಬರೂ ಚಮಚ ಹಿಡಿದು ಅಭ್ಯಾಸ ಮಾಡಿದೆವು. ನಾನು ಹಲ್ಲು ಎಣಿಸುವುದು, ಅವಳು ಕೈ ಎತ್ತುವುದು, ನಾನು ನಿಲ್ಲಿಸುವುದು. ಅವಳಿಗೆ ಎಷ್ಟು ಖುಷಿ ಅಂತೀಯ! ಇಷ್ಟು ದೊಡ್ಡ ಅಮ್ಮ ತನ್ನ ಒಂದು ಕೈಗೆ ನಿಲ್ಲುತ್ತಾಳೆ ಎಂದು ಮನೆ ತುಂಬ ಕುಣಿದಳು.

ಅವತ್ತು ನಿನ್ನೆದುರಿಗೇ ರೂನಾ ಕೇಳಿದ್ದಾಳೆ, “ತಿರಿಲ್, ನಿನ್ನ ನಿಲ್ಸೋ ಕೈ ಯಾವ್ದು, ಅಜ್ಜಿಗೆ ತೋರ್ಸು.” ಮಗು ತೋರಿಸಿದ್ದಾಳೆ. ನೀನು ನಕ್ಕೆಯಂತೆ.

ಆಮೇಲೆ ನೀನು ಎದ್ದು ಹೋಗಿ ಅದೇ ಕೈಯನ್ನು ಹಿಡಿದೆ. ನಿನ್ನ ಎರಡೂ ಕೈಯಿಂದ, ಅವಳ ಹೊಟ್ಟೆಯ ಮೇಲೆ ಒತ್ತಿ. ರೂನಾಳ ಕಣ್ಣು ಹಲ್ಲಿನ ಮೇಲಿತ್ತು. ಕೈ ಮೇಲೆ ಬರಲಿಲ್ಲ, ಆದ್ದರಿಂದ ಮಗು ಸರಿಯಾಗಿದ್ದಾಳೆ ಎಂದುಕೊಂಡು ಕೊರೆಯುತ್ತಲೇ ಹೋದಳು. “ನಾನು ತಲೆ ಎತ್ತಿ ನೋಡ್ಬೇಕಿತ್ತು ಮಾರಿತ್, ತಪ್ಪು ನಂದೂ ಇದೆ” ಅಂದಳು, ಅಳುತ್ತಾ. ಅವಳಿಗೆ ಮೂವತ್ತು ವರ್ಷ. ಆ ಮಾತು ಅವಳಿಗೆ ಬರುತ್ತದೆ, ನಿನಗೆ ಬರುವುದಿಲ್ಲ.

ನನಗೆ ಗೊತ್ತು ಆ ಹಿಡಿತ. ಆಗ ನನಗೆ ಏಳು ವರ್ಷ. ನಮ್ಮ ಶಾಲೆಯ ಮರಗೆಲಸದ ಕೋಣೆಯಲ್ಲಿ ನಿಮ್ಮ ಹಲ್ಲಿನ ಕುರ್ಚಿ. ಪಕ್ಕದ ತರಗತಿಯಲ್ಲಿ ನಾವು ಕೂಡುವ ಲೆಕ್ಕ ಮಾಡುತ್ತಾ ಗೋಡೆಯಾಚೆಯ ಸದ್ದು ಕೇಳುತ್ತಿದ್ದೆವು. ಒಬ್ಬ ಕೆನ್ನೆ ಹಿಡಿದುಕೊಂಡು ಬಂದು ಮುಂದಿನವನ ಹೆಸರು ಹೇಳುತ್ತಿದ್ದ. ಮಕ್ಕಳು ನಿನಗೆ ಇಕ್ಕಳ ಎಂದು ಹೆಸರಿಟ್ಟಿದ್ದರು. ಹಲ್ಲು ಕೊರೆಯುತ್ತಿದ್ದ ತೂರ್ಕೆಲ್ ಡಾಕ್ಟರನ್ನು ಬೈಯುತ್ತಿರಲಿಲ್ಲ, ಅವನು ಬರೀ ಡಾಕ್ಟರು. ನಾನು ಇಕ್ಕಳದ ಮಗಳು. ಆಟಕ್ಕೆ ಯಾರೂ ನನ್ನ ಕೈ ಹಿಡಿಯುತ್ತಿರಲಿಲ್ಲ.

ನನ್ನ ಸರದಿ ಬಂದಾಗ ನೀನು ನನ್ನ ಎರಡೂ ಮಣಿಕಟ್ಟು ಹಿಡಿದು “ಆಯ್ತು ಆಯ್ತು, ಏನೂ ಆಗಲ್ಲ” ಅಂದೆ. ಆಗುತ್ತಿತ್ತು, ಅಮ್ಮ. ಸಂಜೆ ಕಂದು ಚೀಸ್ ಹಾಕಿದ ವಾಫಲ್ ಕೊಟ್ಟು, ನನ್ನ ಮಗಳು ಎಷ್ಟು ಜಾಣೆ, ಅಲ್ಲಾಡಲೇ ಇಲ್ಲ ಎಂದು ಅಪ್ಪನಿಗೆ ಹೇಳಿದೆ. ಅಲ್ಲಾಡಲು ನೀನೆಲ್ಲಿ ಬಿಟ್ಟಿದ್ದೆ?

ಕೈಗವಸು ಬೇಡ. ನೀನೂ ಬರಬೇಡ. ಕ್ರಿಸ್‌ಮಸ್‌ಗೂ ಬರಬೇಡ.

ಮಾರಿತ್


ತ್ರೋನ್‌ಹೈಮ್
17 ನವೆಂಬರ್

ಅಮ್ಮಾ,

ಇದು ನನ್ನ ಕಾಗದವಲ್ಲ. ತಿರಿಲ್ ಹಟ ಹಿಡಿದು ಬರೆದಿದ್ದಾಳೆ. ಅಕ್ಷರ ಕಲಿತು ಮೂರು ತಿಂಗಳಾಗಿಲ್ಲ, ಇಡೀ ಭಾನುವಾರ ಹಿಡಿಯಿತು. ನಾನು ಒಂದಕ್ಷರವನ್ನೂ ತಿದ್ದಿಲ್ಲ.

ಇನ್ನೂ ಬಾಯಿ ಬಿಟ್ಟಿಲ್ಲ. ಒದ್ದೆ ಬಟ್ಟೆ ಸುತ್ತಿದ ಬೆರಳಿನಿಂದ ತಾನೇ ಮುಂದಿನ ಹಲ್ಲನ್ನು ಒರೆಸಿಕೊಳ್ಳುತ್ತಾಳೆ, ಅಷ್ಟೇ.

ಮಾರಿತ್

ಅಜ್ಜಿ
ಅದು ನನ್ನ ನಿಲ್ಸೋ ಕೈ
ನಾನು ಎಳ್ದೆ ನೀನು ಬಿಡ್ಲಿಲ್ಲ
ನಿಂಗೆ ಗೊತ್ತಾಗ್ಲಿಲ್ವಾ
ನನ್ನ ಮೇಲಿನ ಹಲ್ಲು ತಾನೇ ಬಿತ್ತು ಹಲ್ಲಿನ ಕಿನ್ನರಿಗೆ ಅಂತ ನೀರಿನ ಲೋಟದಲ್ಲಿ ಇದೆ
ತಿರಿಲ್


ನಾಮ್ಸೋಸ್
2 ಡಿಸೆಂಬರ್

ಮಾರಿತ್,

ಹತ್ತು ಹನ್ನೆರಡು ದಿನದಿಂದ ಮಗುವಿನ ಕಾಗದ ಅಡುಗೆಮನೆಯ ಮೇಜಿನ ಮೇಲಿದೆ. ಕಾಫಿ ಚೆಲ್ಲದಂತೆ ಸುತ್ತಲೂ ಜಾಗ ಬಿಟ್ಟು ಊಟ ಮಾಡುತ್ತಿದ್ದೇನೆ.

ನಿನ್ನ ಕಾಗದಕ್ಕೆ ನನ್ನ ಹತ್ತಿರ ಉತ್ತರ ಸಿದ್ಧವಿತ್ತು. ನಾಲ್ಕು ಹಾಳೆ ಬರೆದೂ ಇದ್ದೆ, ಖಾರವಾಗಿಯೇ. ಕೋಣೆಯಲ್ಲಿ ಮೂವತ್ತು ಮಕ್ಕಳು, ಒಂದು ವಾರ ಸಮಯ, ಆಮೇಲೆ ದೋಣಿ ಮುಂದಿನ ಊರಿಗೆ. ಬಾಯಿ ತುಂಬ ಕೊಳೆತ ಹಲ್ಲು, ಮನೆಯಲ್ಲಿ ಬ್ರಷ್ ಇಲ್ಲ. ನಾವು ಹಿಡಿಯದಿದ್ದರೆ ಇವತ್ತು ಅವರಿಗೆಲ್ಲ ಕಟ್ಟಿಸಿದ ಹಲ್ಲೇ ಗತಿ. ಹೀಗೆಲ್ಲ ಬರೆದಿದ್ದೆ. ಮಗುವಿನ ಪ್ರಶ್ನೆ ಬಂದ ಮೇಲೆ ಆ ನಾಲ್ಕೂ ಹಾಳೆ ಒಲೆಗೆ ಹಾಕಿದೆ.

ಗೊತ್ತಾಯಿತು. ಅವಳು ಎಳೆದದ್ದು ನನಗೆ ಗೊತ್ತಾಯಿತು. ಗಾಳಕ್ಕೆ ಮೀನು ಕಚ್ಚಿದಾಗ ದಾರದಲ್ಲಿ ಗೊತ್ತಾಗುತ್ತದಲ್ಲ, ಹಾಗೆ. ಅದು ನಿಲ್ಲಿಸುವ ಕೈ ಎಂದೂ ನೆನಪಿತ್ತು, ಕಾಲು ಗಂಟೆಯ ಹಿಂದಷ್ಟೇ ತೋರಿಸಿದ್ದಳು. ಎಳೆದಳು, ನಾನು ಬಿಗಿ ಹಿಡಿದೆ. ಇನ್ನೂ ಎಳೆದಳು, ಇನ್ನೂ ಬಿಗಿ ಹಿಡಿದೆ. ಇಪ್ಪತ್ತೊಂದು ವರ್ಷದವಳಿಗೆ ತೂರ್ಕೆಲ್ ಡಾಕ್ಟರು ಕಲಿಸಿದ ಮೊದಲ ಪಾಠವೇ ಅದು. “ಗುದ್ರುನ್, ನೀನು ಬಿಟ್ರೆ ಸೂಜಿ ಎಲ್ಲಿಗೆ ಚುಚ್ಚುತ್ತೆ ಗೊತ್ತಾ? ಎಳೆದಷ್ಟೂ ಹಿಡಿ.” ಹಿಡಿದೆ. ಅವನು ನಿವೃತ್ತನಾದಾಗ ಭಾಷಣ, ಹೂಗುಚ್ಛ, ಗೋಡೆಗೆ ಫೋಟೋ. ಆ ಮುದುಕ ಇವತ್ತು ಬದುಕಿದ್ದಿದ್ದರೆ ಹೋಗಿ ಅವನ ಕೈ ಹಿಡಿದು ಕೂರುತ್ತಿದ್ದೆ, ಎಳೆ ನೋಡೋಣ ಎಂದು.

ಇಕ್ಕಳ ಎಂದು ಕರೆಯುತ್ತಿದ್ದದ್ದು ನನಗೆ ಗೊತ್ತಿರಲಿಲ್ಲ ಎಂದುಕೊಂಡೆಯಾ? ಗೊತ್ತಿತ್ತು. ನಿನ್ನನ್ನೂ ಕರೆಯುತ್ತಿದ್ದರು ಎಂಬುದು ಗೊತ್ತಿರಲಿಲ್ಲ.

ನಿನಗೆ ಹೇಳದ ಇನ್ನೊಂದು ವಿಷಯ ಇದೆ. ಇಪ್ಪತ್ತೆರಡು ವರ್ಷದಿಂದ ನಾನು ಆ ಕುರ್ಚಿಯಲ್ಲಿ ಕೂತಿಲ್ಲ. ರೊಟ್ಟಿಯನ್ನು ಕಾಫಿಯಲ್ಲಿ ಅದ್ದಿ ತಿನ್ನುತ್ತೇನೆ ಎಂದು ನೀನು ನಗುತ್ತಿದ್ದೆಯಲ್ಲ, ರುಚಿಗೆ ಅಲ್ಲ ಅದು. ಎಡಗಡೆ ಅಗಿಯಲು ಏನೂ ಉಳಿದಿಲ್ಲ. ಹೆದರಿಕೆ. ಹಲ್ಲಿನ ಆಸ್ಪತ್ರೆಯಲ್ಲಿ ಸಂಬಳ ತಿಂದವಳಿಗೇ ಹೆದರಿಕೆ. ನಗು ಬಂದರೆ ನಗು, ನನಗೇನೂ ಬೇಜಾರಿಲ್ಲ.

ಕಳೆದ ಗುರುವಾರ ಹೋದೆ. ಇಲ್ಲಿಯ ಡಾಕ್ಟರು ನಿನಗಿಂತ ಚಿಕ್ಕವನು, ಕಿವಿಗೆ ಓಲೆ ಬೇರೆ. ಕೂರುವ ಮೊದಲೇ ಹೇಳಿದೆ, “ನೋಡಪ್ಪಾ, ಇದು ನನ್ನ ನಿಲ್ಸೋ ಕೈ. ಎತ್ತಿದ್ರೆ ನಿಲ್ಸಬೇಕು.” ನಗಲಿಲ್ಲ ಅವನು. “ಆಗ್ಲಿ” ಅಂದ. ಕೊರೆಯಲು ಶುರು ಮಾಡಿದ. ಎತ್ತಿದೆ. ನಿಂತಿತು.

ಏನು ಮಾಡಿದ ಗೊತ್ತೇ ಮಾರಿತ್? ಕೊರೆಯುವ ಯಂತ್ರದ ಪೆಡಲ್ ಮೇಲಿಂದ ಕಾಲು ತೆಗೆದ. ಅಷ್ಟೇ. ಬೇರೇನೂ ಇಲ್ಲ. ನನಗೆ ಸಮಾಧಾನವಾಗಬೇಕಿತ್ತು, ಬದಲಿಗೆ ಮೈಯೆಲ್ಲ ಉರಿಯುವಷ್ಟು ಸಿಟ್ಟು ಬಂತು. ಇಷ್ಟು ಸುಲಭವಾ! ಮೂವತ್ತೊಂದು ವರ್ಷ ಸಾವಿರಾರು ಮಣಿಕಟ್ಟು ಹಿಡಿದೆನಲ್ಲ, ಒಬ್ಬ ಮನುಷ್ಯ ಕಾಲು ತೆಗೆದಿದ್ದರೆ ಸಾಕಿತ್ತಾ! ಅಲ್ಲೇ ಮಲಗಿಕೊಂಡು ಅತ್ತೆ. ಪಾಪ ಆ ಹುಡುಗ ಹೆದರಿ ನೀರು ತರಲು ಓಡಿದ.

ಜೊತೆಗಿರುವ ಚೀಟಿ ತಿರಿಲ್‌ಗೆ. ಓದಿ ಹೇಳು. ನೀನು ಬೇಡವೆಂದರೆ ಹರಿದು ಹಾಕು.

ಅಮ್ಮ

ತಿರಿಲ್,
ನನಗೆ ಗೊತ್ತಾಯಿತು. ಆದರೂ ಬಿಡಲಿಲ್ಲ. ನಿನ್ನ ಕೈ ತಪ್ಪು ಮಾಡಲಿಲ್ಲ, ನನ್ನ ಕೈ ತಪ್ಪು ಮಾಡಿತು.
ಅಜ್ಜಿ


ತ್ರೋನ್‌ಹೈಮ್
12 ಡಿಸೆಂಬರ್

ಅಮ್ಮಾ,

ಹರಿದು ಹಾಕಬೇಕೆಂದೇ ಕೈಗೆ ತೆಗೆದುಕೊಂಡೆ. ಅವಳು ನೋಡಿಬಿಟ್ಟಳು, ಓದಿ ಹೇಳಿದೆ. ಮೂರು ಸಲ ಓದಿಸಿದಳು. ಆಮೇಲೆ ತನ್ನ ಎಡಗೈಯನ್ನು ತಿರುಗಿಸಿ ತಿರುಗಿಸಿ ನೋಡಿ, “ಹಂಗಾದ್ರೆ ಇದು ಕೆಟ್ಟೋಗಿಲ್ಲ” ಅಂದಳು.

ಎರಡು ತಿಂಗಳಿಂದ ಮಗು ತನ್ನ ಕೈಯೇ ಕೆಟ್ಟುಹೋಗಿದೆ ಎಂದುಕೊಂಡಿದ್ದಳು, ಅಮ್ಮ. ಎತ್ತಲು ಹೋದರೂ ಕೆಲಸ ಮಾಡದ ಕೈ. ನನಗದು ಹೊಳೆದೇ ಇರಲಿಲ್ಲ. ಬಚ್ಚಲುಮನೆಗೆ ಹೋಗಿ ಬಾಗಿಲು ಹಾಕಿಕೊಂಡು ಟವೆಲ್ಲಿಗೆ ಬಾಯಿ ಒತ್ತಿ ಕಿರುಚಿದೆ.

ಮಾರನೆಯ ಬೆಳಿಗ್ಗೆ ಬ್ರಷ್ ತಾನೇ ತಂದು ಕೊಟ್ಟಳು. ನಾನು ಹಲ್ಲಿಗೆ ಮುಟ್ಟಿಸುವ ಮೊದಲೇ ಕೈ ಎತ್ತಿದಳು, ನಿಲ್ಲಿಸಿದೆ. ಮತ್ತೆ ಎತ್ತಿದಳು, ನಿಲ್ಲಿಸಿದೆ. ಶಾಲೆಗೆ ತಡವಾಯಿತು. ಆಗಲಿ.

ಜನವರಿ ಹದಿನಾರಕ್ಕೆ ರೂನಾ ಹೊತ್ತು ಕೊಟ್ಟಿದ್ದಾಳೆ. ಅವತ್ತೂ ಆಗದಿದ್ದರೆ ದೊಡ್ಡಾಸ್ಪತ್ರೆಯೇ. ತಿರಿಲ್ ನೀನು ಬರಬೇಕು ಅನ್ನುತ್ತಾಳೆ. ಅವಳ ಷರತ್ತು, ನನ್ನದಲ್ಲ: “ಅಜ್ಜಿ ಮೂಲೇಲಿ ಕೂರ್ಬೇಕು. ಎರಡೂ ಕೈ ತೊಡೆ ಕೆಳಗೆ ಹಾಕ್ಕೊಂಡು ಅದ್ರ ಮೇಲೇ ಕೂರ್ಬೇಕು.”

ನನಗೆ ನೀನು ಬರುವುದು ಇಷ್ಟವಿಲ್ಲ. ಅವಳಿಗೆ ಇಷ್ಟ, ಆದ್ದರಿಂದ ಬಾ. ಕ್ರಿಸ್‌ಮಸ್‌ಗೆ ಬೇಡ ಅಂದದ್ದು ಹಾಗೇ ಇದೆ.

ಮಾರಿತ್


ತ್ರೋನ್‌ಹೈಮ್
19 ಜನವರಿ 2020

ಅಮ್ಮಾ,

ಅವತ್ತು ನೀನು ಉದ್ದಕ್ಕೂ ಕಣ್ಣು ಮುಚ್ಚಿಕೊಂಡಿದ್ದೆ. ಆದ್ದರಿಂದ ಏನಾಯಿತೆಂದು ನಾನು ಹೇಳಬೇಕು.

ತಿರಿಲ್ ಒಂಬತ್ತು ಸಲ ಕೈ ಎತ್ತಿದಳು. ಮೊದಲ ಐದು ಸುಮ್ಮನೆ, ಪರೀಕ್ಷೆಗೆ. ರೂನಾ ಒಂದೊಂದು ಸಲವೂ ಸಾಮಾನು ಹೊರಗೆ ತೆಗೆದು, ಕೈ ಮಡಿಲಲ್ಲಿಟ್ಟು ಕಾಯುತ್ತಿದ್ದಳು. ಈಗ ಅವಳು ಹಲ್ಲಿನ ಮೇಲೆ ಒಂದು ಕಣ್ಣು, ಕೈಯ ಮೇಲೆ ಒಂದು ಕಣ್ಣು ಇಡುತ್ತಾಳೆ. ಆರನೆಯ ಸಲ ತಿರಿಲ್ ತಲೆ ಎತ್ತಿ, “ಅಜ್ಜಿ, ಕೈ ಎಲ್ಲಿದೆ?” ಅಂದಳು. ನೀನು ಅರ್ಧ ಎದ್ದು ತೋರಿಸಿದೆ, ಅಂಗೈ ಎರಡೂ ಬೆಳ್ಳಗಾಗಿದ್ದವು. ಏಳು, ಎಂಟು ನಿಜವಾಗಿಯೂ ನೋವಾಗಿ. ಒಂಬತ್ತನೆಯದು ಕೊನೆಗೆ, ಮುಗಿಯಿತಾ ಎಂದು ಕೇಳಲು. ಮುಗಿದಿತ್ತು. ದೊಡ್ಡಾಸ್ಪತ್ರೆಯ ಪಟ್ಟಿಯಿಂದ ಅವಳ ಹೆಸರು ಹೊಡೆದುಹಾಕಿದ್ದಾರೆ. ಬಾಯಿ ತನ್ನದು ಎಂಬ ಠೀವಿಯಲ್ಲಿ ಕಳ್ಳಿ ಈಗ ಕಂಡಕಂಡವರಿಗೆಲ್ಲ ಹಲ್ಲು ತೋರಿಸುತ್ತಿದ್ದಾಳೆ. ಬಸ್ಸಿನ ಡ್ರೈವರನಿಗೂ ತೋರಿಸಿದಳು.

ನೀನು ಹೆಣೆದು ತಂದ ಕೈಗವಸು ಹಾಕಿಕೊಂಡೇ ಶಾಲೆಗೆ ಹೋಗುತ್ತಾಳೆ. ಅಳತೆ ಕಳಿಸದಿದ್ದರೂ ಸರಿಯಾಗಿದೆ.

ಇನ್ನು ನನ್ನ ಮಾತು.

ಬಸ್ ನಿಲ್ದಾಣದಲ್ಲಿ ನೀನು ಶುರು ಮಾಡಿದೆ. “ಆದ್ರೂ ಮಾರಿತ್, ಆಗಿನ್ ಕಾಲ ಹೇಗಿತ್ತು ಅಂದ್ರೆ…” ಬಸ್ಸು ಬರುವವರೆಗೆ ಹನ್ನೆರಡು ನಿಮಿಷ. ತೂರ್ಕೆಲ್, ದೋಣಿ, ಮೂವತ್ತು ಮಕ್ಕಳು, ನಿನಗೆ ಬೇರೆ ದಾರಿ ಇರಲಿಲ್ಲ, ನೀನೂ ಚಿಕ್ಕವಳು, ನಿನಗೂ ನೋವು. ಎಲ್ಲ ನಿಜ. ಕಾಗದದಲ್ಲೂ ಬರೆದಿದ್ದೆ, ಮನೆಯಲ್ಲಿ ಕಾಫಿ ಕುಡಿಯುತ್ತಾ ಹೇಳಿದೆ, ಮೆಟ್ಟಿಲಿಳಿಯುತ್ತಾ ಹೇಳಿದೆ. ನಾನು ಹೂಂ ಹೂಂ ಎಂದು ನಿಂತಿದ್ದೆ. ನೀನು ಬಸ್ಸು ಹತ್ತಿ ಹೋದ ಮೇಲೆ ನೋಡಿಕೊಂಡರೆ ನನ್ನ ಎರಡೂ ಕೈ ಮುಷ್ಟಿ ಕಟ್ಟಿ ಕೋಟಿನ ಜೇಬಿನಲ್ಲಿವೆ, ಉಗುರು ಅಂಗೈಗೆ ಇಳಿದಿದೆ. ಮತ್ತೆ ಅಲ್ಲಾಡದ ಜಾಣೆ.

ತಿರಿಲ್‌ಗೆ ನೀನು ಎರಡು ಸಾಲು ಬರೆದೆ, ಅವಳ ಕೈ ಸರಿಹೋಯಿತು. ನನಗೆ ಹಾಳೆಗಟ್ಟಲೆ ಬರೆದಿದ್ದೀಯ, ಗಂಟೆಗಟ್ಟಲೆ ಹೇಳಿದ್ದೀಯ, ಒಂದೊಂದರಲ್ಲೂ ನನ್ನ ಮಣಿಕಟ್ಟನ್ನು ಇನ್ನೊಂದಿಷ್ಟು ಬಿಗಿ ಹಿಡಿದಿದ್ದೀಯ. ಅರ್ಥ ಮಾಡಿಕೋ, ಅರ್ಥ ಮಾಡಿಕೋ ಎಂದು. ನನಗೆ ಅರ್ಥವಾಗಿದೆ, ಅಮ್ಮ. ಅರ್ಥವಾಗಿಯೂ ಸಿಟ್ಟಿದೆ. ಎಷ್ಟು ದಿನ ಇರುತ್ತದೋ ಇರಲಿ, ಅದು ನನ್ನದು. ನೀನು ವಿವರಿಸಿ ಅದನ್ನು ಕಿತ್ತುಕೊಳ್ಳಬೇಡ.

ಏಳು ವರ್ಷದವಳಿದ್ದಾಗ ಕೈ ಎತ್ತಲು ಆಗಿರಲಿಲ್ಲ. ಈಗ ಎತ್ತುತ್ತಿದ್ದೇನೆ. ಬಲಗೈ. ನೋಡು, ಮೇಲಿದೆ.

ಮಾರಿತ್


ನಾಮ್ಸೋಸ್
24 ಜನವರಿ

ಮಾರಿತ್,

ನಿಲ್ಲಿಸಿದೆ.

ಅಮ್ಮ